ಕೋವಿ ಜೊತೆ ವಿಮಾನ ಪ್ರಯಾಣ: ಗಟ್ಟಿ ಪೆಟ್ಟಿಗೆ ಆರಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಟ್ರ್ಯಾಪ್, ಸ್ಕೀಟ್ (ಹಾರುವ ತಟ್ಟೆಗೆ ಶಾಟ್‌ಗನ್ ಹೊಡೆಯುವ ಆಟಗಳು) ಆಡುವವರು ಒಂದಲ್ಲ ಒಂದು ದಿನ ದೆಹಲಿಯ ತುಘಲಕಾಬಾದಿನಲ್ಲಿರುವ ಡಾ. ಕರ್ಣಿ ಸಿಂಗ್ ಶೂಟಿಂಗ್ ರೇಂಜಿಗೆ ಹೋಗಲೇಬೇಕಾಗುತ್ತದೆ. 1982ರ ಏಷ್ಯನ್ ಗೇಮ್ಸ್‌ಗೆ ಕಟ್ಟಿದ ಜಾಗ ಅದು. ಬೆಂಗಳೂರಿನಿಂದ ರೈಲಿನಲ್ಲಿ ಒಂದೂವರೆ ದಿನ ಹಿಡಿಯುತ್ತದೆ, ವಿಮಾನದಲ್ಲಾದರೆ ಮೂರು ಗಂಟೆಯೊಳಗೆ ಮುಗಿಯುತ್ತದೆ. ಹಾಗಾಗಿ ಹೊಸದಾಗಿ ಶಾಟ್‌ಗನ್ ಕೊಂಡವರು ಮುಂದೆ ಕೇಳುವ ಪ್ರಶ್ನೆ ಪೆಟ್ಟಿಗೆಯದ್ದೇ. ಹೆಚ್ಚಿನ ಉತ್ತರಗಳು 12 ಬೋರ್ (ನಳಿಗೆಯ ಒಳ ಅಳತೆಯ ಹೆಸರು) ಕೋವಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು.

ಗಟ್ಟಿ ಪೆಟ್ಟಿಗೆ ಬೇಕೇ ಬೇಕಾ? ದಪ್ಪ ಕ್ಯಾನ್ವಾಸ್ ಚೀಲ ಸಾಲದಾ?

ಸಾಲದು. ಕ್ಯಾನ್ವಾಸ್ ಚೀಲ ಕಾರಿನ ಡಿಕ್ಕಿಯಿಂದ ರೇಂಜಿನ ತನಕ ಸರಿ. ವಿಮಾನದಲ್ಲಿ ಕೋವಿ ನಿಮ್ಮ ಜೊತೆ ಬರುವುದಿಲ್ಲ, ಲಗೇಜಿನ ಹೊಟ್ಟೆಗೆ ಹೋಗುತ್ತದೆ. ಬೆಲ್ಟಿನ ತಿರುವಿನಲ್ಲಿ ಬೀಳುತ್ತದೆ, ಟ್ರಾಲಿಯಲ್ಲಿ ಅದರ ಮೇಲೆ ಇಪ್ಪತ್ತು ಕೆಜಿಯ ಸೂಟ್‌ಕೇಸ್ ಕೂರುತ್ತದೆ. ನಳಿಗೆಯ ಗೋಡೆ ಎಷ್ಟು ತೆಳ್ಳಗಿರುತ್ತದೆ ಅಂತ ಬಾಯಿಯ ಹತ್ತಿರ ಒಮ್ಮೆ ನೋಡಿ. ಅಲ್ಲಿ ಒಂದು ಡೆಂಟ್ ಬಿದ್ದರೆ ಅದನ್ನು ಎತ್ತಿ ಸರಿಮಾಡುವ ಕೈಗಳು ನಮ್ಮ ಕಡೆ ತುಂಬ ಕಡಿಮೆ. ಇನ್ನೊಂದು ವಿಷಯ ಬೀಗದ್ದು. ಜಿಪ್ ಇರುವ ಚೀಲಕ್ಕೆ ಬೀಗ ಹಾಕಿದರೂ ಪೆನ್ನಿನ ತುದಿಯಿಂದ ಜಿಪ್ ಬಿಚ್ಚಬಹುದು. ಕೌಂಟರಿನಲ್ಲಿರುವವರಿಗೆ ಅದು ಚೆನ್ನಾಗಿ ಗೊತ್ತು.

ಪೆಟ್ಟಿಗೆಗೆ ದುಡ್ಡು ಕೊಡುವ ಮೊದಲು ನೋಡಬೇಕಾದ್ದು ಏನಾದರೂ ಇದೆಯಾ?

ಲೈಸೆನ್ಸ್ ಪುಸ್ತಕ. ಅದರಲ್ಲಿ ಕೋವಿ ಎಲ್ಲೆಲ್ಲಿ ಒಯ್ಯಬಹುದು ಅಂತ ಬರೆದಿರುತ್ತದೆ. 'ಕರ್ನಾಟಕ' ಅಂತ ಮಾತ್ರ ಇದ್ದರೆ ಎಂಥ ಪೆಟ್ಟಿಗೆ ತಂದರೂ ದೆಹಲಿಗೆ ಹಾರುವ ಹಾಗಿಲ್ಲ. ಅಖಿಲ ಭಾರತ ವ್ಯಾಪ್ತಿ ಬೇಕು. ಜೊತೆಗೆ ಪುಸ್ತಕದಲ್ಲಿರುವ ನಂಬರ್ ಮತ್ತು ಕೋವಿಯ ಮೇಲೆ ಕೊರೆದ ನಂಬರ್ ಎರಡನ್ನೂ ಅಕ್ಷರ ಅಕ್ಷರ ಹೋಲಿಸಿ. ಗುಮಾಸ್ತರ ಕೈಬರಹದ 1 ಮತ್ತು 7 ಗೊಂದಲವಾಗಿ ಪ್ರಯಾಣ ನಿಂತುಹೋದರೆ ಯಾರನ್ನು ಬೈಯ್ಯೋಣ?

ಆಮೇಲೆ ವಿಮಾನ ಕಂಪನಿಗೆ ಫೋನ್ ಮಾಡಿ. ಎಲ್ಲ ಕಂಪನಿಗಳೂ ಕೋವಿ ಒಯ್ಯುವುದಿಲ್ಲ. ಒಯ್ಯುವವರಲ್ಲೂ ಒಬ್ಬೊಬ್ಬರ ಶುಲ್ಕ, ಒಬ್ಬೊಬ್ಬರ ಲೆಕ್ಕ ಬೇರೆ. ಟಿಕೆಟ್ ತೆಗೆದ ಮೇಲೆ ಕೇಳುವುದಕ್ಕಿಂತ ಮೊದಲೇ ಕೇಳಿ. ಆಗುತ್ತೆ ಅಂದರೆ ಅದನ್ನೇ ಇ-ಮೇಲಿನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ಹೇಳಿದ ಮಾತು ಕೌಂಟರಿನ ತನಕ ಬರುವುದಿಲ್ಲ.

ಇಡೀ ಕೋವಿ ಮಲಗುವ ಉದ್ದದ ಪೆಟ್ಟಿಗೆ ಒಳ್ಳೆಯದಾ, ಬಿಚ್ಚಿಡುವ ಚಿಕ್ಕ ಪೆಟ್ಟಿಗೆ ಒಳ್ಳೆಯದಾ?

ಚಿಕ್ಕದು. ಈ ಪುಟದಲ್ಲಿ ಒಂದೇ ಒಂದು ಸಲಹೆ ತಗೊಳ್ಳುವುದಾದರೆ ಇದನ್ನು ತಗೊಳ್ಳಿ.

ರೈಫಲ್‌ನವರಿಗೆ ಈ ಆಯ್ಕೆ ಅಷ್ಟು ಸುಲಭವಿಲ್ಲ, ನಮಗಿದೆ. ಮೇಲೊಂದು ಕೆಳಗೊಂದು ನಳಿಗೆಯ ಓವರ್ ಅಂಡರ್ ಆಗಲಿ, ಪಕ್ಕಪಕ್ಕದ ಜೋಡು ನಳಿಗೆ ಆಗಲಿ, ಮುಂದಿನ ಕೈ ಹಿಡಿಯುವ ಮರ ತೆಗೆದು, ಮೇಲಿನ ಲಿವರ್ ಸರಿಸಿದರೆ ನಳಿಗೆ ಕೈಗೆ ಬರುತ್ತದೆ. ಅರ್ಧ ನಿಮಿಷದ ಕೆಲಸ. ಮುಂದಿನ ಹಿಡಿ ಹಿಂದೆಮುಂದೆ ಎಳೆದು ತೋಟಾ ತುಂಬುವ ಪಂಪ್ ಆಕ್ಷನ್‌ನಲ್ಲೂ ಮುಂದಿನ ತಿರುಪು ಬಿಚ್ಚಿದರೆ ನಳಿಗೆ ಬೇರೆಯಾಗುತ್ತದೆ. ಸುಮ್ನೆ ಯಾಕೆ ಒಂದೂಕಾಲು ಮೀಟರ್ ಉದ್ದದ ಪೆಟ್ಟಿಗೆ ಹೊರಬೇಕು?

ಲೆಕ್ಕ ನೋಡಿ. ಹಲವು ಕಂಪನಿಗಳಲ್ಲಿ ಚೆಕ್-ಇನ್ ಬ್ಯಾಗಿನ ಉದ್ದ, ಅಗಲ, ಎತ್ತರ ಕೂಡಿದರೆ 158 ಸೆಂಟಿಮೀಟರ್ ದಾಟಬಾರದು. ಪೆಲಿಕನ್ ಕಂಪನಿಯ 1750 ಅನ್ನುವ ಉದ್ದದ ಪೆಟ್ಟಿಗೆಯ ಹೊರ ಅಳತೆ ಕೂಡಿದರೆ ಸುಮಾರು 190 ಬರುತ್ತದೆ. ಅದೇ ಕಂಪನಿಯ 1700ರದ್ದು ಸುಮಾರು 153. ಅಗಲ, ಎತ್ತರ ಎರಡಕ್ಕೂ ಒಂದೇ, ಉದ್ದ ಮಾತ್ರ ಬೇರೆ. ಒಂದು ಮಾಮೂಲಿ ಬ್ಯಾಗಿನ ಲೆಕ್ಕಕ್ಕೆ ಬರುತ್ತದೆ, ಇನ್ನೊಂದು ದೊಡ್ಡ ಗಾತ್ರದ ಸಾಮಾನಿನ ಸಾಲಿಗೆ ಸೇರುತ್ತದೆ. ಟ್ಯಾಕ್ಸಿಯ ಡಿಕ್ಕಿಯಲ್ಲಿ ಅಡ್ಡಡ್ಡ ಹಿಡಿಸುವುದೂ ಚಿಕ್ಕದೇ.

ಇನ್ನೊಂದು ಲಾಭವನ್ನು ಜನ ಮರೆಯುತ್ತಾರೆ. ಉದ್ದದ ಪೆಟ್ಟಿಗೆ ನಡುವೆ ಬಗ್ಗುತ್ತದೆ. ಎರಡು ತುದಿ ಆಸರೆಯ ಮೇಲಿದ್ದು ನಡುವೆ ಭಾರ ಬಿದ್ದರೆ ಒಳಗಿರುವ ಕೋವಿಯ ಅತಿ ತೆಳ್ಳಗಿನ ಮರ, ಅಂದರೆ ಕೈ ಹಿಡಿಯುವ ಕುತ್ತಿಗೆಯ ಭಾಗ, ಅದೇ ಒತ್ತಡಕ್ಕೆ ಸಿಗುತ್ತದೆ. ಬಿಚ್ಚಿಟ್ಟ ಕೋವಿಯಲ್ಲಿ ಆ ಭಾಗ ಆಕ್ಷನ್ (ಗುಂಡು ಹಾರಿಸುವ ಯಂತ್ರದ ಭಾಗ) ಜೊತೆ ಒಂದು ಮೂಲೆಯಲ್ಲಿ ಬೆಚ್ಚಗೆ ಕೂತಿರುತ್ತದೆ.

ಅಳತೆ ಹೇಗೆ ತೆಗೆಯಬೇಕು? ಪೆಟ್ಟಿಗೆ ಮೇಲೆ '32 ಇಂಚಿನ ತನಕ' ಅಂತ ಬರೆದಿರುತ್ತೆ.

ಆ ಬರಹ ನಂಬಿ ಕೊಳ್ಳಬೇಡಿ. ನಳಿಗೆ ಬಿಚ್ಚಿ, ಹಿಂದಿನ ತುದಿಯಲ್ಲಿರುವ ಕೊಕ್ಕೆಯ ಭಾಗದಿಂದ ಬಾಯಿಯವರೆಗೆ ನೀವೇ ಟೇಪ್ ಹಿಡಿಯಿರಿ. ಟ್ರ್ಯಾಪ್ ಕೋವಿಯ ನಳಿಗೆ ಸಾಮಾನ್ಯವಾಗಿ 30 ಅಥವಾ 32 ಇಂಚು, ಸ್ಕೀಟ್‌ನವರದ್ದು 28 ಅಥವಾ 30. ಹೊರಗೆ ಚಾಚುವ ಚೋಕ್ (ನಳಿಗೆಯ ಬಾಯಿಗೆ ತಿರುಗಿಸಿ ಹಾಕುವ ಕೊಳವೆ) ಹಾಕಿದ್ದರೆ ಅದರ ಒಂದು ಇಂಚು ಸೇರಿಸಿ. 32 ಇಂಚು ಅಂದರೆ 81 ಸೆಂಟಿಮೀಟರ್ ಮೇಲೆ ಚೂರು. ಚೋಕ್ ಸೇರಿ 84 ಆಯಿತು. ಎರಡು ತುದಿಗೂ ಎರಡೆರಡು ಸೆಂಟಿಮೀಟರ್ ಫೋಮ್ ಬೇಕು. ಹಾಗಾಗಿ ಒಳ ಉದ್ದ 88ಕ್ಕಿಂತ ಕಡಿಮೆ ಇದ್ದರೆ ಬೇಡ ಅನ್ನಿ. '32 ಇಂಚಿನ ತನಕ' ಅನ್ನುವ ಎಷ್ಟೋ ಪೆಟ್ಟಿಗೆಗಳಲ್ಲಿ ಚೋಕ್ ಬಿಚ್ಚಿದರೆ ಮಾತ್ರ ನಳಿಗೆ ಕೂರುತ್ತದೆ.

ಹೊರ ಅಳತೆಯನ್ನು ಹಿಡಿಕೆ, ಚಕ್ರ, ಚಿಲಕ ಎಲ್ಲ ಸೇರಿಸಿಯೇ ತೆಗೆಯಿರಿ. ಕೌಂಟರಿನಲ್ಲಿ ಹಾಗೇ ಅಳೆಯುತ್ತಾರೆ.

ತೂಕ ಎಷ್ಟಿರಬೇಕು?

ದೇಶದೊಳಗಿನ ಎಕಾನಮಿ ಟಿಕೆಟ್‌ಗೆ ಸಾಮಾನ್ಯವಾಗಿ 15 ಕೆಜಿ ಲಗೇಜು. ಅದರಲ್ಲಿ ಕೋವಿಯೇ 3.5ರಿಂದ 4 ಕೆಜಿ. ಆಗಲೇ ಹೇಳಿದ ಉದ್ದದ ಪೆಟ್ಟಿಗೆ ಫೋಮ್ ಸೇರಿ ಸುಮಾರು 12 ಕೆಜಿ ತೂಗುತ್ತದೆ. ಕೋವಿ ಇಟ್ಟ ಕೂಡಲೇ ಮಿತಿ ಮುಗಿಯಿತು. ಇನ್ನು ಶೂಟಿಂಗ್ ಜಾಕೆಟ್, ಬಟ್ಟೆ, ತೋಟಾ ಎಲ್ಲಕ್ಕೂ ಹೆಚ್ಚುವರಿ ದುಡ್ಡು. 1700 ಸುಮಾರು 7.7 ಕೆಜಿ. ಇಟಲಿಯ ನೆಗ್ರೀನಿಯಂಥವರ ತೆಳ್ಳಗಿನ ಪೆಟ್ಟಿಗೆಗಳು ಹೆಚ್ಚು ಕಡಿಮೆ ಅದರ ಅರ್ಧ. ವರ್ಷಕ್ಕೆ ನಾಲ್ಕಾರು ಸಲ ಹೋಗಿಬರುವವರು ಹೆಚ್ಚುವರಿ ಲಗೇಜಿಗೆ ಕಟ್ಟುವ ದುಡ್ಡನ್ನು ಕೂಡಿ ನೋಡಲಿ. ಹಗುರ ಪೆಟ್ಟಿಗೆಯ ಜಾಸ್ತಿ ಬೆಲೆ ಅಷ್ಟೇನೂ ಜಾಸ್ತಿ ಅನ್ನಿಸುವುದಿಲ್ಲ.

ಪ್ಲಾಸ್ಟಿಕ್, ಅಲ್ಯೂಮಿನಿಯಂ, ಪ್ಲೈವುಡ್: ಯಾವುದು?

ಅಚ್ಚಿನಲ್ಲಿ ಎರಕ ಹೊಯ್ದ ದಪ್ಪ ಪಾಲಿಪ್ರೊಪಿಲೀನ್ ಪೆಟ್ಟಿಗೆ ಪೆಟ್ಟು ಬಿದ್ದಾಗ ಚೂರು ಬಗ್ಗಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಗೀರು ಬೀಳುತ್ತದೆ, ಅಷ್ಟೇ. ಅಲ್ಯೂಮಿನಿಯಂ ಹಾಗಲ್ಲ. ಒಮ್ಮೆ ಅಂಚು ಬಗ್ಗಿದರೆ ಬಗ್ಗಿದ್ದೇ, ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಆದರೆ ದಪ್ಪ ಹಾಳೆಯ, ಇಡೀ ಉದ್ದಕ್ಕೂ ಒಂದೇ ಕೀಲು ಇರುವ ಅಲ್ಯೂಮಿನಿಯಂ ಪೆಟ್ಟಿಗೆಯನ್ನು ಮೀಟಿ ತೆಗೆಯುವುದು ಬಹಳ ಕಷ್ಟ. ಅಮೆರಿಕದ ಶೂಟರ್‌ಗಳು ಅದನ್ನು ಇಷ್ಟಪಡುವುದು ಅದಕ್ಕೇ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ 'ಅಲ್ಯೂಮಿನಿಯಂ' ಪೆಟ್ಟಿಗೆಗಳ ವಿಷಯ ಬೇರೆ. ಅವು ಒಳಗೆ ತೆಳು ಹಲಗೆ, ಹೊರಗೆ ಹೊಳೆಯುವ ಹಾಳೆ. ಡ್ರಿಲ್ ಮೆಷಿನ್ ಇಡಲು ಚೆನ್ನಾಗಿವೆ.

ಪ್ಲೈವುಡ್ ಅಂದರೆ ಆರ್ಕೆಸ್ಟ್ರಾದವರು ಕೀಬೋರ್ಡ್, ಮಿಕ್ಸರ್ ಇಟ್ಟು ಸಾಗಿಸುವ ಫ್ಲೈಟ್ ಕೇಸ್. ಪ್ಲೈವುಡ್ ಹಲಗೆ, ಅಂಚಿಗೆ ಅಲ್ಯೂಮಿನಿಯಂ ಪಟ್ಟಿ, ಮೂಲೆಗೆ ಉಕ್ಕಿನ ಗುಂಡು, ತಿರುಗಿಸುವ ಚಿಟ್ಟೆ ಚಿಲಕ. ಇದನ್ನು ಮಾಡುವವರು ಬೆಂಗಳೂರಿನಲ್ಲೇ ಇದ್ದಾರೆ, ನೀವು ಕೊಟ್ಟ ಅಳತೆಗೆ ಮಾಡಿಕೊಡುತ್ತಾರೆ. ಆಮದು ಪೆಟ್ಟಿಗೆಯ ಬೆಲೆ ಕೇಳಿ ಎದೆ ಝಲ್ ಅಂದವರಿಗೆ ಇದು ಒಳ್ಳೆಯ ದಾರಿ. ತೂಕ ಮಾತ್ರ ಜಾಸ್ತಿ. ಬಿಚ್ಚಿಟ್ಟ ಕೋವಿಯ ಅಳತೆಗೇ ಮಾಡಿಸಿ, 6 ಮಿಲಿಮೀಟರ್ ಹಲಗೆ ಸಾಕು ಅನ್ನಿ. ಚಿಟ್ಟೆ ಚಿಲಕದಲ್ಲಿ ಬೀಗದ ಕಿವಿ ಇರುವಂಥದ್ದೇ ಹಾಕಿಸಿ.

'ಎಟಿಎ 300' ಅಂತ ಕೆಲವು ಪೆಟ್ಟಿಗೆ ಮೇಲೆ ಇರುತ್ತಲ್ಲ, ಏನದು?

ಅಮೆರಿಕದ ವಿಮಾನ ಕಂಪನಿಗಳ ಸಂಘ ಸಾಗಣೆ ಪೆಟ್ಟಿಗೆಗಳಿಗೆ ಮಾಡಿದ ಮಾನದಂಡ. ಅದರ ಮೊದಲ ದರ್ಜೆಯ ಪೆಟ್ಟಿಗೆ ಕನಿಷ್ಠ 100 ಸಲ ಹೋಗಿಬರುವುದನ್ನು ತಾಳಬೇಕು. ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಇಲ್ಲಿ ಯಾರೂ ಕೇಳುವುದಿಲ್ಲ.

ಅಂಗಡಿಯಲ್ಲೇ ಗಟ್ಟಿತನ ನೋಡುವುದು ಹೇಗೆ?

ಗೋಡೆ ಮೇಲೆ ಗುದ್ದಿ ನೋಡುವುದರಿಂದ ಏನೂ ಗೊತ್ತಾಗುವುದಿಲ್ಲ. ಗೋಡೆ ಒಡೆದ ಪೆಟ್ಟಿಗೆ ಸಿಗುವುದು ಅಪರೂಪ. ಹಾಳಾಗುವುದು ಚಿಲಕ, ಕೀಲು, ಹಿಡಿಕೆ, ಚಕ್ರ. ಅವನ್ನು ನೋಡಿ.

ಬೀಗ ಹಾಕುವ ಎಲ್ಲ ಜಾಗಕ್ಕೂ ಬೀಗ ಹಾಕಿಸಿ. ಆಮೇಲೆ ಪೆಟ್ಟಿಗೆಯನ್ನು ನಿಲ್ಲಿಸಿ, ಮೂಲೆಯಲ್ಲಿ ಮುಚ್ಚಳ ಮತ್ತು ತಳದ ನಡುವೆ ಎರಡೂ ಕೈಯ ಬೆರಳು ತೂರಿಸಿ ಜೋರಾಗಿ ಎಳೆಯಿರಿ. ಮೂಲೆ ಬಾಯಿಬಿಟ್ಟು ಬೆರಳು ಒಳಗೆ ಹೋಯಿತಾ? ಫೋಮ್ ಕೈಗೆ ತಗುಲಿತಾ? ಹಾಗಾದರೆ ಅಲ್ಲೇ ಬಿಟ್ಟು ಬನ್ನಿ. ನಡುವೆ ಎರಡೇ ಬೀಗದ ತೂತು ಇರುವ ಉದ್ದದ ಪೆಟ್ಟಿಗೆಗಳ ದೊಡ್ಡ ದೋಷವೇ ಇದು. ನಡು ಬಿಗಿ, ತುದಿಗಳು ಸಡಿಲ. ಕೌಂಟರಿನ ಸಿಬ್ಬಂದಿಯಲ್ಲಿ ಕೆಲವರು ಇದೇ ಪರೀಕ್ಷೆ ಮಾಡಿ ಪೆಟ್ಟಿಗೆ ವಾಪಸ್ ಕೊಡುವುದುಂಟು.

ಚಿಲಕ ಪೆಟ್ಟಿಗೆಯ ಮೈಗಿಂತ ಹೊರಗೆ ಚಾಚಿಕೊಂಡಿರಬಾರದು. ಬೆಲ್ಟಿನ ಅಂಚಿಗೆ ಸಿಕ್ಕಿ ಕಿತ್ತುಕೊಂಡು ಬರುವುದು ಅಂಥವೇ. ಎರಡೂ ಪಕ್ಕ ದಿಂಡಿನ ಹಾಗೆ ಉಬ್ಬಿದ ಅಂಚು ಇದ್ದು, ಚಿಲಕ ಅದರ ನಡುವಿನ ತಗ್ಗಿನಲ್ಲಿ ಕೂತಿರಬೇಕು. ಕೀಲಿನ ಕಡ್ಡಿ ಪ್ಲಾಸ್ಟಿಕ್ಕಾ ಉಕ್ಕಾ ನೋಡಿ. ಹಿಡಿಕೆಯನ್ನು ಮೊಳೆಯಿಂದ ಹೊಡೆದಿದ್ದಾರಾ, ಕಡ್ಡಿ ತೂರಿಸಿದ್ದಾರಾ ನೋಡಿ. ಕಡ್ಡಿಯದ್ದಾದರೆ ಮುರಿದರೂ ಬದಲಿಸಬಹುದು.

ಕೊಂಡು ಮನೆಗೆ ತಂದ ಮೇಲೆ ಇನ್ನೊಂದು ಕೆಲಸ. ಕೋವಿಯಷ್ಟೇ ತೂಕದ ಅಕ್ಕಿ ಚೀಲ ಒಳಗಿಟ್ಟು, ಸೊಂಟದ ಎತ್ತರದಿಂದ ಮೂಲೆ ಕೆಳಗಾಗುವ ಹಾಗೆ ಸಿಮೆಂಟ್ ನೆಲಕ್ಕೆ ಬಿಡಿ. ಸದ್ದಿಗೆ ಮನೆಯವರು ಓಡಿಬರುತ್ತಾರೆ. ಚಿಲಕ ತಾನಾಗಿ ತೆರೆದುಕೊಂಡರೆ ಅಂಗಡಿಗೆ ವಾಪಸ್.

ಕೋವಿ ಜೊತೆ ಕಂಪನಿಯವರೇ ಕೊಟ್ಟ ಪೆಟ್ಟಿಗೆ ಇದೆ. ಅದು ಆಗಲ್ವಾ?

ಮನೆಯಲ್ಲಿ ಇಡಲು ಆಗುತ್ತದೆ. ಹೆಚ್ಚಿನವು ತೆಳು ಪ್ಲಾಸ್ಟಿಕ್, ಒತ್ತಿದರೆ ತೆರೆಯುವ ಪುಟ್ಟ ಚಿಲಕ. ಹಾರಲೇಬೇಕು, ಬೇರೆ ಇಲ್ಲ ಅಂದರೆ ಅದನ್ನೇ ಇನ್ನೊಂದು ಗಟ್ಟಿ ಸೂಟ್‌ಕೇಸಿನ ಒಳಗಿಟ್ಟು, ಸುತ್ತ ಬಟ್ಟೆ ತುಂಬಿ, ಎರಡಕ್ಕೂ ಬೀಗ ಹಾಕಿ. ಇದು ನೋಡಲು ಮಾಮೂಲಿ ಲಗೇಜಿನ ಹಾಗೆ ಇರುತ್ತದೆ ಅನ್ನುವುದೂ ಒಂದು ಅನುಕೂಲ. ಆದರೆ ಒಳಗೆ ಕೋವಿ ಇದೆ ಅಂತ ಕೌಂಟರಿನಲ್ಲಿ ಹೇಳಲೇಬೇಕು.

ತಾತನ ಕಾಲದ ಚರ್ಮದ ಪೆಟ್ಟಿಗೆ ಇದೆ, ತುಂಬ ಚೆನ್ನಾಗಿದೆ...

ಚೆನ್ನಾಗಿಯೇ ಇರುತ್ತದೆ. ಎಸ್ಟೇಟ್ ಮನೆಗಳಲ್ಲಿ ಈಗಲೂ ಕಾಣಸಿಗುವ ಆ ಇಂಗ್ಲಿಷ್ ಪೆಟ್ಟಿಗೆಗಳನ್ನು ರೈಲಿನ ಕೂಲಿಯವನು ಕೈಯಲ್ಲಿ ಹಿಡಿದು ನಡೆಯುವ ಕಾಲಕ್ಕೆ ಮಾಡಿದ್ದು. ಬೆಲ್ಟಿಗೆ ಹಾಕಬೇಡಿ. ಹಿತ್ತಾಳೆಯ ಮೂಲೆ ಒಂದೇ ಪ್ರಯಾಣಕ್ಕೆ ಜಜ್ಜಿಹೋಗುತ್ತದೆ.

ಬೀಗ ಯಾವುದು ಹಾಕಬೇಕು? ಟಿಎಸ್ಎ ಬೀಗವೇ ಬೇಕಾ?

ಬೇಡ. ಇದರ ಬಗ್ಗೆ ತಪ್ಪು ತಿಳಿವಳಿಕೆ ಜಾಸ್ತಿ. ಟಿಎಸ್ಎ ಅಂದರೆ ಅಮೆರಿಕದ ವಿಮಾನ ನಿಲ್ದಾಣಗಳ ಭದ್ರತಾ ಇಲಾಖೆ. ಆ ಗುರುತಿನ ಬೀಗಗಳನ್ನು ಅವರ ಹತ್ತಿರ ಇರುವ ಮಾಸ್ಟರ್ ಕೀಯಿಂದ ತೆಗೆಯಬಹುದು. ಆದರೆ ಕೋವಿಯ ಪೆಟ್ಟಿಗೆಗೆ ಅಲ್ಲಿನ ನಿಯಮವೇ ಬೇರೆ: ಕೀಲಿ ಅಥವಾ ನಂಬರ್ ಪ್ರಯಾಣಿಕನ ಹತ್ತಿರ ಮಾತ್ರ ಇರಬೇಕು. ಅದಕ್ಕೇ ಅಮೆರಿಕದಲ್ಲೂ ಯಾವ ಬೀಗ ಬೇಕಾದರೂ ಹಾಕಲು ಬಿಡುತ್ತಾರೆ. ಮೇಲಾಗಿ ಆ ಮಾಸ್ಟರ್ ಕೀಗಳ ಫೋಟೋ 2014ರಲ್ಲಿ ಅಲ್ಲಿನ ಪತ್ರಿಕೆಯೊಂದರಲ್ಲೇ ಅಚ್ಚಾಗಿ, 2015ರಲ್ಲಿ ಅವನ್ನು 3ಡಿ ಪ್ರಿಂಟರಿನಲ್ಲಿ ಮಾಡಿಕೊಳ್ಳುವ ನಕ್ಷೆಗಳೂ ಹೊರಬಿದ್ದವು. ಅಂಥ ಬೀಗವನ್ನು ಕೋವಿಗೆ ಹಾಕುವುದು ಯಾಕೆ?

ಹಿತ್ತಾಳೆಯ ಅಥವಾ ಗಟ್ಟಿ ಉಕ್ಕಿನ ಮಾಮೂಲಿ ಬೀಗ ಸಾಕು. ಕೊಳ್ಳುವಾಗ ಪೆಟ್ಟಿಗೆಯ ತೂತಿನ ಅಳತೆ ಜೊತೆಗಿರಲಿ. ಮನೆಯ ಗೇಟಿಗೆ ಹಾಕುವ ದೊಡ್ಡ ನವ್‌ತಾಲ್ ಕೊಂಡಿ ಎಷ್ಟೋ ಪೆಟ್ಟಿಗೆಗಳಿಗೆ ದಪ್ಪವಾಗಬಹುದು. ತೀರಾ ಸಣ್ಣದಾದರೆ ಕಟ್ಟರ್ ಇಟ್ಟು ಕತ್ತರಿಸಬಹುದು. ತೂತಿನಲ್ಲಿ ಅಲುಗಾಡದೆ ಹೋಗುವಷ್ಟು ದಪ್ಪ, ಕೊಂಡಿ ಆದಷ್ಟು ಗಿಡ್ಡ. ಎಲ್ಲ ಬೀಗಕ್ಕೂ ಒಂದೇ ಕೀಲಿ ಬರುವ ಜೋಡಿ ಸಿಕ್ಕರೆ ಕೌಂಟರಿನಲ್ಲಿ ತಡಕಾಡುವುದು ತಪ್ಪುತ್ತದೆ. ತೂತಿನ ಸುತ್ತ ಉಕ್ಕಿನ ಬಳೆ ಇದೆಯಾ ನೋಡಿ. ಬರೀ ಪ್ಲಾಸ್ಟಿಕ್ ಆದರೆ ಬೀಗ ಉಳಿದು ತೂತೇ ಹರಿಯುತ್ತದೆ.

ಕೀಲಿಯನ್ನು ಜೇಬಿನಲ್ಲಿಡಿ. ಇನ್ನೊಂದು ಸೂಟ್‌ಕೇಸಿನಲ್ಲಿಟ್ಟು ಅದನ್ನೂ ಚೆಕ್-ಇನ್ ಮಾಡಿದವರು ಇದ್ದಾರೆ.

ಒಳಗಿನ ಫೋಮ್ ಹೇಗಿರಬೇಕು?

ಮೂರು ಥರ ಸಿಗುತ್ತದೆ. ಮೊಟ್ಟೆ ಟ್ರೇ ಆಕಾರದ ಮೆತ್ತನೆ ಫೋಮ್ ಮೊದಲನೆಯದು. ಕೋವಿಯನ್ನು ನಡುವೆ ಇಟ್ಟು ಒತ್ತಿ ಮುಚ್ಚುವುದು. ಪೆಟ್ಟಿಗೆ ನೆಟ್ಟಗೆ ನಿಂತರೆ ಕೋವಿ ನಿಧಾನಕ್ಕೆ ಜಾರಿ ಕೆಳಗಿನ ತುದಿಗೆ ಬರುತ್ತದೆ. ಬಿಚ್ಚಿಟ್ಟ ಕೋವಿಗೆ ಇದು ಬೇಡವೇ ಬೇಡ, ನಳಿಗೆ ಹೋಗಿ ಮರಕ್ಕೆ ತಾಗುತ್ತದೆ. ಎರಡನೆಯದು ಚೌಕ ಚೌಕವಾಗಿ ಗೀರಿಟ್ಟು, ಬೇಕಾದಷ್ಟು ಕಿತ್ತು ಜಾಗ ಮಾಡಿಕೊಳ್ಳುವ ಫೋಮ್. ಶುರುವಿನಲ್ಲಿ ಚೆನ್ನ. ಆಮೇಲೆ ತೆಳು ಗೋಡೆಗಳು ಒಂದೊಂದೇ ಕಿತ್ತುಬರುತ್ತವೆ. ಮೂರನೆಯದು ಒತ್ತಿದರೆ ಬೆರಳಿಗೆ ಎದುರು ಒತ್ತುವ ಬಿಗಿಯಾದ ಪಾಲಿಎಥಿಲೀನ್ ಫೋಮ್. ನೀರು ಹೀರುವುದಿಲ್ಲ, ಆಕಾರ ಬಿಡುವುದಿಲ್ಲ. ಹಣ ಉಳಿಸಬೇಕಾದರೆ ಬೇರೆ ಕಡೆ ಉಳಿಸಿ, ಫೋಮ್ ಮಾತ್ರ ಇದನ್ನೇ ಹಾಕಿಸಿ.

ಕತ್ತರಿಸುವಾಗ ಒಂದು ಮಾತು. ನಳಿಗೆಯ ಬಾಯಿ ತಾಗುವ ಜಾಗದಲ್ಲಿ ರಬ್ಬರಿನ ಗಟ್ಟಿ ತುಂಡು ಅಂಟಿಸಿ. ಪೆಟ್ಟಿಗೆ ಆ ತುದಿ ಕೆಳಗಾಗಿ ಬಿದ್ದಾಗೆಲ್ಲ ನಳಿಗೆ ಫೋಮನ್ನು ಸುತ್ತಿಗೆಯ ಹಾಗೆ ಹೊಡೆಯುತ್ತದೆ. ಹತ್ತು ಪ್ರಯಾಣಕ್ಕೆ ಫೋಮಿನಲ್ಲಿ ದುಂಡಗೆ ತೂತು ಬೀಳುತ್ತದೆ, ಆಮೇಲೆ ಬಾಯಿ ನೇರವಾಗಿ ಗೋಡೆಗೆ. ನಳಿಗೆಯ ಮೇಲಿನ ಪಟ್ಟಿ ಯಾವ ಕಾರಣಕ್ಕೂ ಭಾರ ಹೊರಬಾರದು. ಅದು ಮೇಲ್ಮುಖವಾಗಿರಲಿ ಇಲ್ಲವೇ ಪಕ್ಕಕ್ಕಿರಲಿ. ಗುರಿಯ ಮಣಿಯ ಸುತ್ತ ಬೆರಳಗಲ ಖಾಲಿ ಬಿಡಿ.

ಪೆಟ್ಟಿಗೆಯಲ್ಲಿ ಪುಟ್ಟ ತಿರುಪಿನಂಥದ್ದು ಇರುತ್ತಲ್ಲ, ಅದೇನು?

ಗಾಳಿ ಬಿಡುವ ವಾಲ್ವ್. ನೀರು ಹೋಗದ ಹಾಗೆ ರಬ್ಬರ್ ಪಟ್ಟಿ ಇರುವ ಪೆಟ್ಟಿಗೆಯಲ್ಲಿ ಗಾಳಿಯೂ ಸಿಕ್ಕಿಕೊಳ್ಳುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಮುಚ್ಚಿದ ಪೆಟ್ಟಿಗೆಯನ್ನು ಮಂಗಳೂರಿನಲ್ಲಿ ಇಳಿಸಿದರೆ ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿದಿರುತ್ತದೆ. ಚಿಲಕ ತೆಗೆದರೂ ಮುಚ್ಚಳ ಏಳುವುದಿಲ್ಲ. ವಾಲ್ವ್ ತಾನಾಗಿ ಕೆಲಸ ಮಾಡುವಂಥದ್ದಾದರೆ ಚಿಂತೆಯಿಲ್ಲ. ಕೈಯಿಂದ ತಿರುಗಿಸುವುದಾದರೆ ಬಲವಂತ ಮಾಡುವ ಮೊದಲು ಅದನ್ನು ಸಡಿಲಿಸಿ, ಉಸ್ ಅಂತ ಸದ್ದು ಬರುತ್ತದೆ.

ಚಕ್ರ ಬೇಕಾ?

ಉದ್ದದ ಪೆಟ್ಟಿಗೆಗೆ ಬೇಕು. ಚಿಕ್ಕದಕ್ಕೆ ಬೇಡ, ಮುರಿಯುವ ಇನ್ನೊಂದು ಭಾಗ ಅಷ್ಟೇ.

ತೋಟಾಗಳನ್ನು ಅದೇ ಪೆಟ್ಟಿಗೆಯಲ್ಲಿ ಇಡಬಹುದಾ? ಎಷ್ಟು ಒಯ್ಯಬಹುದು?

ಬೇರೆಯಾಗಿ ಇಡಿ. ಕೆಲವು ದೇಶಗಳಲ್ಲಿ ಸರಿಯಾಗಿ ಪ್ಯಾಕ್ ಮಾಡಿದ್ದರೆ ಒಟ್ಟಿಗೆ ಬಿಡುತ್ತಾರೆ. ನಮ್ಮಲ್ಲಿ ಬೇರೆ ಇದ್ದರೆ ವಾದಕ್ಕೆ ಜಾಗವೇ ಇರುವುದಿಲ್ಲ. ಅಂತರರಾಷ್ಟ್ರೀಯ ನಿಯಮದಲ್ಲಿ ಒಬ್ಬರಿಗೆ ಡಬ್ಬಿ ಸೇರಿ 5 ಕೆಜಿ ಮಿತಿ. ಇಬ್ಬರ ಪಾಲು ಒಂದೇ ಪೊಟ್ಟಣದಲ್ಲಿ ಕೂಡಿಸುವ ಹಾಗಿಲ್ಲ. ಕಂಪನಿಯ ಮಿತಿ ಇದಕ್ಕಿಂತ ಕಡಿಮೆ ಇರಬಹುದು, ಲೈಸೆನ್ಸಿನಲ್ಲಿ ಬರೆದ ಸಂಖ್ಯೆಯನ್ನಂತೂ ದಾಟುವಂತಿಲ್ಲ.

ಟ್ರ್ಯಾಪ್, ಸ್ಕೀಟ್‌ಗೆ ಬಳಸುವ 24 ಗ್ರಾಂ ಸೀಸದ 12 ಬೋರ್ ತೋಟಾ, ಕವಚ ಎಲ್ಲ ಸೇರಿ 36ರಿಂದ 40 ಗ್ರಾಂ ತೂಗುತ್ತದೆ. 25ರ ಒಂದು ಡಬ್ಬಿ ಹೆಚ್ಚು ಕಡಿಮೆ ಒಂದು ಕೆಜಿ. ಅಂದರೆ 5 ಕೆಜಿಗೆ ಐದು ಡಬ್ಬಿ, 125 ತೋಟಾ. ಸ್ಕೀಟ್ ಅರ್ಹತಾ ಸುತ್ತಿನ 125 ತಟ್ಟೆಗೆ ಸರಿಯಾಗಿ ಒಂದೊಂದು. ಟ್ರ್ಯಾಪ್‌ನಲ್ಲಿ ಒಂದು ತಟ್ಟೆಗೆ ಎರಡು ಗುಂಡು ಹೊಡೆಯಬಹುದಾದ್ದರಿಂದ ಸಾಲುವುದಿಲ್ಲ. ಅದಕ್ಕೇ ಹೆಚ್ಚಿನವರು ರೇಂಜಿನಲ್ಲೇ ತೋಟಾದ ವ್ಯವಸ್ಥೆ ಮಾಡಿಕೊಂಡು ಬರೀ ಕೋವಿ ಹಿಡಿದು ಹಾರುತ್ತಾರೆ. ನನ್ನ ಕೇಳಿದರೆ ಅದೇ ಸರಿ. ಕೌಂಟರಿನಲ್ಲಿ ಅರ್ಧ ಕಿರಿಕಿರಿ ಅಲ್ಲೇ ಕಡಿಮೆ.

ಒಯ್ಯಲೇಬೇಕಿದ್ದರೆ ಕಂಪನಿಯ ಡಬ್ಬಿಯಲ್ಲೇ ಇರಲಿ. ಬಿಡಿಬಿಡಿಯಾಗಿ ಚೀಲದಲ್ಲಿ ಬೇಡ. ಪ್ರಯಾಣದ ಹಿಂದಿನ ದಿನ ಜಾಕೆಟ್ಟಿನ ಜೇಬು, ಕೈಚೀಲದ ಮೂಲೆ ಎಲ್ಲ ತಿರುಗಿಸಿ ಕೊಡವಿ. ರೇಂಜಿನಲ್ಲಿ ಜೇಬಿಗೆ ಬಿದ್ದ ಒಂದೇ ಒಂದು ತೋಟಾ ಕ್ಯಾಬಿನ್ ಬ್ಯಾಗಿನ ಎಕ್ಸ್‌ರೇಯಲ್ಲಿ ಕಂಡರೆ ವಿಮಾನ ತಪ್ಪುವುದಷ್ಟೇ ಅಲ್ಲ, ಪೊಲೀಸ್ ಠಾಣೆ ಹತ್ತಬೇಕಾಗುತ್ತದೆ.

ನಮ್ಮದು ಕೇಪಿನ ಕೋವಿ, ಬಾಯಿಯಿಂದ ಮದ್ದು ತುಂಬುವ ಹಳೆಯ ಥರದ್ದು. ಅದಕ್ಕೂ ಇದೇ ನಿಯಮನಾ?

ಕೋವಿಗೆ ಇದೇ. ಮಸಿ (ಕೋವಿಮದ್ದು) ಮತ್ತು ಅದಕ್ಕೆ ಕಿಡಿ ಕೊಡುವ ಕೇಪು ಮಾತ್ರ ವಿಮಾನದಲ್ಲಿ ಹೋಗುವುದೇ ಇಲ್ಲ, ಕೈಚೀಲದಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. ನಳಿಗೆಯ ಬುಡದಲ್ಲಿ ಮಸಿ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಂಡು ನಳಿಗೆಯನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ. ಇಂಥ ಕೋವಿಯ ನಳಿಗೆ ಬಿಚ್ಚುವುದು ಸುಲಭವಲ್ಲ, ಹಾಗಾಗಿ ಚಿಕ್ಕ ಪೆಟ್ಟಿಗೆಯ ಮಾತು ಇದಕ್ಕೆ ಒಪ್ಪುವುದಿಲ್ಲ. ಅಳತೆಗೆ ಮಾಡಿಸಿದ ಪ್ಲೈವುಡ್ ಪೆಟ್ಟಿಗೆಯೇ ಗತಿ.

ಕೊಡಗಿನವರಿಗೆ ಲೈಸೆನ್ಸೇ ಬೇಡ ಅಂತಾರೆ. ಹಾಗಾದರೆ ವಿಮಾನದಲ್ಲಿ?

ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ ಇರುವುದು ನಿಜ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ತನಕ ಮುಂದುವರಿಸಿತು. ಆದರೆ ಕೌಂಟರಿನಲ್ಲಿ ಕೂತವರಿಗೆ ಕೈಲ್‌ಪೊಳ್ದ್ ಹಬ್ಬದ ಕೋವಿ ಪೂಜೆ ಗೊತ್ತಿರುವುದಿಲ್ಲ, ಅವರಿಗೆ ಕಾಗದ ಬೇಕು. ವಿನಾಯಿತಿ ಪತ್ರದ ಮೇಲೆ ಜಿಲ್ಲೆ ದಾಟಿ ಕೋವಿ ಒಯ್ಯುವ ಬಗ್ಗೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಮೊದಲೇ ಕೇಳಿ, ಲಿಖಿತವಾಗಿ ತಗೊಳ್ಳಿ. ಇನ್ನೊಂದು ಗಮನಿಸಿ: ವಿರಾಜಪೇಟೆ ಕಡೆಯವರಿಗೆ ಹತ್ತಿರದ ವಿಮಾನ ನಿಲ್ದಾಣ ಕಣ್ಣೂರು. ಮಾಕುಟ್ಟ ದಾಟಿದರೆ ಕೇರಳ. ಅಂದರೆ ವಿಮಾನ ಹತ್ತುವ ಮೊದಲೇ ಕೋವಿ ರಾಜ್ಯದ ಗಡಿ ದಾಟಿರುತ್ತದೆ. ಚೆಕ್‌ಪೋಸ್ಟಿನಲ್ಲಿ ತೋರಿಸುವ ಕಾಗದವೂ ಮೇಲೇ ಇರಲಿ, ಪೆಟ್ಟಿಗೆಯ ಒಳಗಲ್ಲ.

ಪೆಟ್ಟಿಗೆಯಲ್ಲಿ ಉಳಿದ ಜಾಗದಲ್ಲಿ ಏನೇನು ಇಡಬಹುದು?

ಚೋಕ್, ಅದರ ಕೀ, ಒರೆಸುವ ಬಟ್ಟೆ, ನಳಿಗೆ ಒರೆಸುವ ಸರಳನ್ನು ಬಿಚ್ಚಿ. ಇವು ಕೈಚೀಲದಲ್ಲಿ ಇದ್ದರೆ ತಡೆಯುತ್ತಾರೆ, ಕೋವಿಯ ಯಾವ ಭಾಗವೂ ಕ್ಯಾಬಿನ್ನಿಗೆ ಬರುವ ಹಾಗಿಲ್ಲ. ಸ್ಪ್ರೇ ಡಬ್ಬಿಯ ಎಣ್ಣೆ, ನಳಿಗೆ ತೊಳೆಯುವ ದ್ರಾವಣ ಬೇಡ, ಬೆಂಕಿ ಹಿಡಿಯುವಂಥವು. ಪ್ರಯಾಣಕ್ಕೆ ಮುಂಚೆ ಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಿಟ್ಟರೆ ಸಾಕು. ಪವರ್ ಬ್ಯಾಂಕ್ ಲಗೇಜಿಗೆ ಹಾಕಲೇಬಾರದು. ನಾಣ್ಯದಂಥ ಸೆಲ್ ಇರುವ ಚಿಕ್ಕ ಟ್ರ್ಯಾಕರ್ ಇಡಬಹುದು, ಇಡಿ ಕೂಡ. ಫೋಮಿನ ಅಡಿಯಲ್ಲಿ ಅಡಗಿಸಿ. ದೆಹಲಿಯಲ್ಲಿ ಇಳಿದಾಗ ಪೆಟ್ಟಿಗೆಯೂ ಇಳಿದಿದೆಯಾ ಅಂತ ಫೋನಿನಲ್ಲೇ ಕಾಣುತ್ತದೆ.

ಪೆಟ್ಟಿಗೆ ಮೇಲೆ 'ಕೋವಿ ಇದೆ' ಅಂತ ಚೀಟಿ ಅಂಟಿಸಬೇಕಾ?

ನೀವಾಗಿ ಏನೂ ಅಂಟಿಸಬೇಡಿ. ಕೋವಿ ಕಂಪನಿಯ ಸ್ಟಿಕ್ಕರ್ ಕೂಡ ಬೇಡ, ಎಷ್ಟೇ ಚಂದ ಇದ್ದರೂ. ಅಮೆರಿಕದಲ್ಲಂತೂ ಹೊರಗೆ ಅಂಥ ಗುರುತು ಹಾಕಿ ಅಂತ ವಿಮಾನ ಕಂಪನಿ ಒತ್ತಾಯಿಸುವುದನ್ನೇ ಕಾನೂನು ತಡೆಯುತ್ತದೆ. ಘೋಷಣೆಯ ಚೀಟಿ ಒಳಗೆ ಹೋಗುತ್ತದೆ. ಹೊರಗೆ ನಿಮ್ಮ ಹೆಸರು, ಫೋನ್ ನಂಬರ್ ಸಾಕು.

ಕೌಂಟರಿನಲ್ಲಿ ಏನಾಗುತ್ತದೆ?

ಮೂರು ಗಂಟೆ ಮುಂಚೆ ಹೋಗಿ. ಸಾಲಿನಲ್ಲಿ ನಿಮ್ಮ ಸರದಿ ಬಂದಾಗ ಮೆಲ್ಲಗೆ "ಲೈಸೆನ್ಸ್ ಇರುವ ಸ್ಪೋರ್ಟ್ಸ್ ಗನ್ ಇದೆ, ಡಿಕ್ಲೇರ್ ಮಾಡಬೇಕು" ಅನ್ನಿ. ಜೋರಾಗಿ ಕೂಗಿ ಹೇಳುವ ಅಗತ್ಯವಿಲ್ಲ. ಫಾರಂ ತುಂಬಿಸುತ್ತಾರೆ, ಭದ್ರತೆಯವರನ್ನು ಕರೆಸುತ್ತಾರೆ. ಅವರು ಬಂದ ಮೇಲೆ, ಹೇಳಿದ ಮೇಲೆ, ಹೇಳಿದ ಜಾಗದಲ್ಲಿ ಮಾತ್ರ ಪೆಟ್ಟಿಗೆ ತೆರೆಯಿರಿ. ಬಿಚ್ಚಿಟ್ಟ ಕೋವಿಯ ಗುಣ ಇಲ್ಲಿ ಕಾಣುತ್ತದೆ. ನಳಿಗೆ ಒಂದು ಕಡೆ, ಆಕ್ಷನ್ ಇನ್ನೊಂದು ಕಡೆ. ಖಾಲಿ ಇದೆ ಅಂತ ತೋರಿಸಲು ಏನನ್ನೂ ಎತ್ತಿ ತಿರುಗಿಸಬೇಕಿಲ್ಲ, ನೋಡಿದರೇ ಗೊತ್ತಾಗುತ್ತದೆ. ನಂಬರ್ ಕೊರೆದ ಕಡೆ ಮೇಲ್ಮುಖವಾಗಿ ಇಟ್ಟಿದ್ದರೆ ಇನ್ನೂ ಬೇಗ ಮುಗಿಯುತ್ತದೆ.

ಬೀಗ ಹಾಕಿ ಒಪ್ಪಿಸುವ ಮುಂಚೆ ತೆರೆದ ಪೆಟ್ಟಿಗೆಯ ಫೋಟೋ ಮನೆಯಲ್ಲೇ ತೆಗೆದಿಟ್ಟುಕೊಂಡಿರಿ. ಇಳಿದ ಮೇಲೆ ಹಲವು ಕಡೆ ಕೋವಿಯ ಪೆಟ್ಟಿಗೆ ಬೆಲ್ಟಿಗೆ ಬರುವುದಿಲ್ಲ, ಸಿಬ್ಬಂದಿ ಕೈಗೇ ಕೊಡುತ್ತಾರೆ. ಅಲ್ಲೇ ಹೊರಗಿನಿಂದ ಚಿಲಕ, ಮೂಲೆ ನೋಡಿ. ಜಜ್ಜಿದ್ದರೆ ನಿಲ್ದಾಣ ಬಿಡುವ ಮೊದಲೇ ಕಂಪನಿಯ ಲಗೇಜ್ ಕೌಂಟರಿನಲ್ಲಿ ಬರೆದು ಕೊಡಿ. ಹೋಟೆಲಿಗೆ ಹೋಗಿ ಫೋನ್ ಮಾಡಿದರೆ ಯಾರೂ ಕೇಳುವುದಿಲ್ಲ.

ವಿದೇಶಕ್ಕೆ ಹೋಗುವಾಗ ಪೆಟ್ಟಿಗೆಯಲ್ಲಿ ಏನಾದರೂ ಬದಲಾಗುತ್ತಾ?

ಪೆಟ್ಟಿಗೆ ಅದೇ, ಕಾಗದ ಬದಲಾಗುತ್ತದೆ. ಇಟಲಿಯ ಲೊನಾಟೊದಂಥ ಕಡೆ ಸ್ಪರ್ಧೆ ಇದ್ದರೆ ಆ ದೇಶದ ಅನುಮತಿಯನ್ನು ಸಂಘಟಕರ ಮೂಲಕ ಮೊದಲೇ ತರಿಸಬೇಕು. ಗಲ್ಫ್ ಮೂಲಕ ವಿಮಾನ ಬದಲಿಸುವುದಾದರೆ ಅಲ್ಲಿ ಇಳಿಯದಿದ್ದರೂ ಮುಂಗಡ ಅನುಮತಿ ಕೇಳುತ್ತಾರೆ. ಆದಷ್ಟು ಒಂದೇ ಕಂಪನಿಯ, ಕಡಿಮೆ ಬದಲಾವಣೆಯ ಟಿಕೆಟ್ ತೆಗೆಯಿರಿ. ವಿಮಾನ ಬದಲಿಸಿದಷ್ಟೂ ಪೆಟ್ಟಿಗೆ ಕೈ ಬದಲಾಗುತ್ತದೆ. ಹೊರಡುವಾಗ ಕಸ್ಟಮ್ಸ್‌ನಲ್ಲಿ ಕೋವಿಯ ನಂಬರ್ ಬರೆಸಿ ಪತ್ರ ತಗೊಳ್ಳದಿದ್ದರೆ, ವಾಪಸ್ ಬರುವಾಗ 'ಇದನ್ನು ಹೊರಗೆ ಕೊಂಡಿದ್ದಾ?' ಅನ್ನುವ ಪ್ರಶ್ನೆ ಬರುತ್ತದೆ.

ಪ್ರಯಾಣ ಮುಗಿದ ಮೇಲೆ ಕೋವಿಯನ್ನು ಅದೇ ಪೆಟ್ಟಿಗೆಯಲ್ಲಿ ಇಡಬಹುದಾ?

ಬೇಡ. ವಿಮಾನದ ಹೊಟ್ಟೆಯಲ್ಲಿ ತಣ್ಣಗಾದ ಲೋಹ ಮಂಗಳೂರಿನ ಗಾಳಿಗೆ ತೆರೆದ ಕೂಡಲೇ ಬೆವರುತ್ತದೆ. ಪೆಟ್ಟಿಗೆಯನ್ನು ಮುಚ್ಚಿದ ಹಾಗೇ ಒಂದೆರಡು ಗಂಟೆ ಕೋಣೆಯಲ್ಲಿ ಬಿಟ್ಟು, ಆಮೇಲೆ ತೆರೆದು, ನಳಿಗೆಯ ಒಳಗೂ ಹೊರಗೂ ಒರೆಸಿ ಎಣ್ಣೆ ಹಚ್ಚಿ. ಗಾಳಿಯಾಡದ ಪೆಟ್ಟಿಗೆಯೊಳಗೆ ಸಿಕ್ಕಿದ ತೇವ ಹೊರಗೆ ಹೋಗುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಫೋಮಿನಲ್ಲಿ ಮಲಗಿದ ನಳಿಗೆಗೆ, ಫೋಮ್ ತಾಗಿದಷ್ಟೇ ಜಾಗಕ್ಕೆ ಪಟ್ಟಿ ಪಟ್ಟಿಯಾಗಿ ತುಕ್ಕು ಹಿಡಿಯುತ್ತದೆ, ಮರಕ್ಕೆ ಬೂಸಲು. ಸಿಲಿಕಾ ಜೆಲ್ ಪೊಟ್ಟಣ ಪ್ರಯಾಣದ ದಿನಗಳಿಗೆ ಸಾಕು, ತಿಂಗಳುಗಟ್ಟಲೆ ಸಾಲದು. ಕೋವಿ ಬೀರುವಿಗೆ ಹೋಗಲಿ. ಪೆಟ್ಟಿಗೆಯನ್ನು ಬಾಯಿ ತೆರೆದು ಬಿಸಿಲಿಗಿಟ್ಟು, ಫೋಮ್ ಹೊರಗೆ ತೆಗೆದು ಒಣಗಿಸಿಡಿ.

ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ ಕೊಳ್ಳಬಹುದಾ?

ಧಾರಾಳವಾಗಿ. ಗೀರಿಗೆ ಹೆದರಬೇಡಿ. ರಬ್ಬರ್ ಪಟ್ಟಿ ಬಿರಿದಿದೆಯಾ, ಕೀಲಿನ ಕಡ್ಡಿ ಸಡಿಲವಾಗಿದೆಯಾ, ಬೀಗದ ತೂತು ಉದ್ದಕ್ಕೆ ಹಿಗ್ಗಿದೆಯಾ ನೋಡಿ. ಹಿಗ್ಗಿದ್ದರೆ ಯಾರೋ ಮೀಟಲು ನೋಡಿದ್ದಾರೆ ಅಂತ ಅರ್ಥ, ಬಿಟ್ಟುಬಿಡಿ. ಹಳೆಯ ಫೋಮ್ ಎಸೆದು ಹೊಸದು ಹಾಕಿಸಿ. ಹಿಂದಿನವರ ಕೋವಿಯ ಆಕಾರದಲ್ಲಿ ನಿಮ್ಮ ಕೋವಿ ಕೂರುವುದಿಲ್ಲ. ಎಲ್ಲೋ ಮೂಲೆಯಲ್ಲಿ ಅವರ ಖಾಲಿ ತೋಟಾ ಕವಚವೊಂದು ಸಿಕ್ಕಿಕೊಂಡಿರಬಹುದು. ಅದನ್ನು ನೀವು ಹುಡುಕಿ ತೆಗೆಯದಿದ್ದರೆ ಎಕ್ಸ್‌ರೇ ಮೆಷಿನ್ ಹುಡುಕುತ್ತದೆ.